ಮಗ್ಗದ ಕುಣಿಯ ಕಳಕೇಶ

ಗಜೇಂದ್ರಗಡದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಕಳಕೇಶನ ಕಾಲುಗಳನ್ನು ಕಂಡ ಗಿರಾಕಿಗಳು ಕಡಿಮೆ. ತಂದೆಯ ಕೈಮಗ್ಗವಿದ್ದ ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡ ಈತ, ಮಗ್ಗ ಹೋದ ಮೇಲೂ ಅದರ ಕುಣಿಯನ್ನು ಮುಚ್ಚಿಸಲಿಲ್ಲ; ನೇಕಾರನಂತೆಯೇ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಮುಂದಿನ ಮಣೆಯ ಮೇಲೆ ಪ್ರಿಂಟರು, ಕೀಬೋರ್ಡುಗಳ ಹೊಟ್ಟೆ ಬಿಚ್ಚುತ್ತಾನೆ. ಬೆಸುಗೆಯ ಕಡ್ಡಿ ಕೈಗೆ ಬಂದರೆ ಸಾಕು, ಪಾದಗಳು ತಾವಾಗಿಯೇ ಕುಣಿಯಲ್ಲೇ ಉಳಿದ ಹಳೆಯ ತುಳಿಹಲಗೆಗಳನ್ನು ಎಡಬಲ ತುಳಿಯತೊಡಗುತ್ತವೆ. ಏನನ್ನೂ ನೇಯದ ಆ ಕಿರುಗುಟ್ಟುವ ಸದ್ದಿಗೆ ಮಧ್ಯಾಹ್ನದ ಓಣಿಯೆಲ್ಲ ತೂಕಡಿಸುತ್ತದೆ.

ಸದಾ ಅರೆಮುಚ್ಚಿದ ಕಣ್ಣು, ಬಿರುಬೇಸಿಗೆಯಲ್ಲೂ ಬಿಡದ ಮಫ್ಲರು. ಎದುರಿನ ಕಿರಾಣಿ ಅಂಗಡಿಯ ಮಹಾದೇವಪ್ಪ ಕೆಣಕುತ್ತಾನೆ: "ಏ ಕಳಕೇಶಾ, ನಿದ್ದ್ಯಾಗ ಯಾರ ಸೀರಿ ನೇಯಾಕ್ಹತ್ತಿ?"

"ಇನ್ನೂ ಅಂಚು ನಡದೈತ್ರಿ ಸಾವ್ಕಾರ್ರ," ಎನ್ನುತ್ತಾನೆ ಈತ, ತಲೆಯೆತ್ತದೆ. ಆದರೆ ಸದ್ದು ನಿಂತರೆ ಮಹಾದೇವಪ್ಪನೂ ತಕ್ಕಡಿ ಹಿಡಿದು ನಿಲ್ಲುತ್ತಾನೆ. ಕಳಕೇಶನ ಕಾಲು ನಿಲ್ಲುವುದು ದಿಗಿಲು ಹತ್ತಿದಾಗ ಮಾತ್ರ.

ಕಂಬದ ಮೇಲೆ ತಂತಿಗೆ ತಂತಿ ತಾಗಿ ಮನೆಗಳಿಗೆ ವಿಪರೀತ ಕರೆಂಟು ನುಗ್ಗಿದ ಮರುದಿನ, ನೇಕಾರರ ಅನ್ನಪೂರ್ಣ ಒಂದು ಕೈಯಲ್ಲಿ ಸತ್ತ ಹಾರ್ಡ್ ಡಿಸ್ಕು, ಇನ್ನೊಂದು ಕೈಯಲ್ಲಿ ಅತ್ತೆ ವೀರವ್ವನ ಬೆರಳು ಹಿಡಿದುಕೊಂಡು ಬಂದಳು. ಸೀರೆಯಂಚಿನ ಚಿತ್ತಾರಕ್ಕೆ ವೀರವ್ವನನ್ನು ಬಿಟ್ಟರಿಲ್ಲ ಎನ್ನುವ ಕಾಲವೊಂದಿತ್ತು. ಆಕೆ ಎಳೆಎಳೆಯಾಗಿ ಹೇಳಿದ ಅಂಚುಗಳನ್ನೆಲ್ಲ ಸೊಸೆ ಕಂಪ್ಯೂಟರಿನಲ್ಲಿ ಬಿಡಿಸಿ ಆ ಡಿಸ್ಕಿನಲ್ಲಿ ಇಟ್ಟಿದ್ದಳು. ಆಮೇಲೆ ಮುದುಕಿಗೆ ಮರೆವು ಕವಿಯಿತು.

"ಮತ್ತ ಕೇಳೂಣಂದ್ರ ಅತ್ತಿಗೆ ನನ್ನ ಹೆಸರ ನೆನಪಿಲ್ಲ, ಕಳಕೇಶಣ್ಣಾ. ಇದರಾಗ ಇದ್ದದ್ದಷ್ಟ," ಎಂದಳು ಅನ್ನಪೂರ್ಣ.

ಕಳಕೇಶ ಡಿಸ್ಕು ಬಿಚ್ಚಿ ಮೂಸಿದ. ಎಳ್ಳಿನಷ್ಟು ಕರಿಯ ತುಣುಕೊಂದು ಸೀದುಹೋಗಿತ್ತು. "ಇದು ಕಾವಲ ಕಾಯಾಕ ಇರೋದ್ರಿ ಅಕ್ಕಾ. ತಾ ಸುಟ್ಟು ಒಳಗಿಂದು ಉಳಿಸಿದ್ರೂ ಉಳಿಸಿರಬಹುದು," ಎಂದವನೇ ಅದನ್ನು ಕಾಯಿಸಿ ಕಿತ್ತ. ಇನ್ನು ಕರೆಂಟು ಕೊಟ್ಟು ನೋಡಬೇಕು. ಲೆಕ್ಕ ತಪ್ಪಿದ್ದರೆ ಉಳಿದದ್ದೂ ಸುಡುತ್ತದೆ. ಆ ಅಂಚುಗಳು ಮತ್ತೆ ಲೋಕಕ್ಕಿಲ್ಲ. ಕೈ ಸ್ವಿಚ್ಚಿನ ಮೇಲೆ ಉಳಿಯಿತು. ಕುಣಿಯಲ್ಲಿ ಕಾಲು ನಿಂತಿತು.

ಮೂಲೆಯ ಸ್ಟೂಲಿನ ಮೇಲೆ ಎಲ್ಲೋ ನೋಡುತ್ತ ಕೂತಿದ್ದ ವೀರವ್ವ ಕಿವಿ ನಿಮಿರಿಸಿದಳು. "ಯಾಕ ತಮ್ಮಾ ನಿಂತಿ? ಎಳಿ ಹರೀತೇನು?"

ಕಳಕೇಶ ಆಕೆಯತ್ತ ತಿರುಗಿದ. "ಇಲ್ಲಬೇ ಯವ್ವಾ. ಹರದಿಲ್ಲ."

"ಮತ್ತ ತುಳಿ."

ಆತ ತುಳಿದ, ತುಳಿಯುತ್ತಲೇ ಸ್ವಿಚ್ಚು ಒತ್ತಿದ. ಡಿಸ್ಕು ದುಂಬಿಯಂತೆ ಗುಂಯ್ಗುಟ್ಟಿತು. ಒಂದೊಂದೇ ಅಂಚು ಪರದೆಯ ಮೇಲೆ ಮೂಡಿ ಬೇರೆ ಡಿಸ್ಕಿಗೆ ಇಳಿಯತೊಡಗಿತು. ಅನ್ನಪೂರ್ಣ ಸೆರಗಿನಿಂದ ಕಣ್ಣೊರೆಸಿಕೊಂಡಳು. ವೀರವ್ವ ಪರದೆಯ ಹತ್ತಿರ ಬಾಗಿ, "ಯಾರ ನೇದಾರ ಇದನ್ನ? ಕೈ ಭಾಳ ಚಲೋ ಐತಿ," ಎಂದಳು.

"ನೀವ ರೀ, ಅತ್ತೀ."

ಮುದುಕಿ ನಂಬದೆ ನಕ್ಕಳು.

ಮುಚ್ಚಬೇಕಾದ ಕುಣಿಯನ್ನು ಮುಚ್ಚದೆ, ಅದರಲ್ಲಿ ಕಾಲಿಟ್ಟುಕೊಂಡೇ ಹೊಸ ಕಾಲದ ಕೆಲಸ ಮಾಡುವ ಇಂಥವರನ್ನು ನಾವು ನಿದ್ದೆಯಲ್ಲಿ ನಡೆಯುವವರೆಂದು ಗೇಲಿ ಮಾಡುತ್ತೇವೆ. ಆದರೆ ತನ್ನ ಕೈಕೆಲಸದ ಗುರುತೂ ಅಳಿದುಹೋದ ಒಬ್ಬ ಮುದುಕಿಗೆ ಗುರುತು ಸಿಗುವ ಸದ್ದೊಂದು ಊರಿನಲ್ಲಿ ಇನ್ನೂ ಉಳಿದಿದ್ದರೆ, ಅದನ್ನು ಉಳಿಸಿಕೊಂಡವರು ಇವರೇ.