ಮೂರು ದಿನದ ನೀರು

1968ರ ಜೂನ್ 3, ಸೋಮವಾರ, ಬೆಳಗ್ಗೆ ಎಂಟೂವರೆ. ನನ್ನೊಳಗಿನ ನೀರನ್ನು ಮೊದಲ ಸಲ ಅಳೆದದ್ದು ಆಗ. ನೀರಿರಲಿಲ್ಲ. ತಿಮೊಥಿ ಮಾಸ್ತರು ಹೊಸ ಪುಸ್ತಕದಲ್ಲಿ ಸೊನ್ನೆ ಎಂದು ಬರೆದು ಸಹಿ ಮಾಡಿದರು.

ನಾನು ಒಂದು ಮಳೆಮಾಪಕ. ಸತುವಿನ ತಗಡಿನ ಮೈ, ಹಿತ್ತಾಳೆಯ ಅಂಚು, ಒಳಗೊಂದು ಆಲಿಕೆ, ಅದರ ಕೆಳಗೆ ಬಾಟಲಿ. ನನ್ನನ್ನು ಮಾಡಿದವನು ನನ್ನ ಬಾಯಿಯನ್ನು ಮೂರು ಸಲ ಅಳೆದು, ಇನ್ನೂರು ಚದರ ಸೆಂಟಿಮೀಟರ್ ಸರಿಯಾಗಿ ಬಂದ ಮೇಲೆಯೇ ಕೈಬಿಟ್ಟ. ಬೆಟಗೇರಿಯ ಆಚೆ ಒಂದು ಸಣ್ಣ ಊರಿನಲ್ಲಿ, ಪ್ರಾರ್ಥನಾಲಯದ ಅಂಗಳದಲ್ಲಿ ನನ್ನನ್ನು ಹೂತರು. ನನ್ನ ಬಾಯಿ ನೆಲದಿಂದ ಒಂದಡಿ ಮೇಲಿದೆ, ಅಷ್ಟೆ. ಹಾಗಾಗಿ ಮನುಷ್ಯರನ್ನು ನಾನು ಕಾಲಿನಿಂದಲೇ ಗುರುತಿಸುತ್ತೇನೆ.

ಮಾಸ್ತರು ಮಿಷನ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅವರ ಚಪ್ಪಲಿಗೆ ಯಾವಾಗಲೂ ಪಾಲಿಶ್. ಎಂಟೂವರೆಗೆ ಒಂದು ನಿಮಿಷ ಇರುವಾಗ ಬಂದು, ಮಂಡಿಯೂರಿ, ಗಾಜಿನ ಅಳತೆಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಿದ್ದರು. ಆರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಕಚೇರಿಯವರು ಅದನ್ನು ಮೆಚ್ಚಿ ಬರೆದ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಇನ್ನೊಂದು ಜೊತೆ ಕಾಲು ಸೀಮೋನಪ್ಪನದು. ಬರಿಗಾಲು, ಹಿಮ್ಮಡಿ ಒಡೆದು ಕೆಸರು ಕೂತದ್ದು. ಅವನು ಊರ ಕೆರೆಯ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಕೋಡಿ ಕಾಯುವುದು ಅವನ ಕೆಲಸ. ದಿನಾ ನನ್ನ ಪಕ್ಕ ನಿಂತು ಕೇಳುತ್ತಿದ್ದ:

"ಎಷ್ಟ್ ಆತ್ರೀ ಮಾಸ್ತರ? ನನ್ನ ಕೆರಿ ಕುಡದದ್ದು ನಿಮ್ಮ ಡಬ್ಬಿಗೆ ಗೊತ್ತಾತೇನು?"

1974ರ ಅಕ್ಟೋಬರ್ 5, ಶನಿವಾರ. ಬೆಳಗಿನ ಅಳತೆ ಮುಗಿಸಿ, ತಂಗಿಯ ಮಗಳ ಮದುವೆಯೆಂದು ಮಾಸ್ತರು ಯಾರಿಗೂ ಹೇಳದೆ, ಯಾರಿಗೂ ನನ್ನನ್ನು ಒಪ್ಪಿಸದೆ ಹೊರಟರು. ಭಾನುವಾರ ರಾತ್ರಿ ಮಳೆ ಸುರಿಯಿತು. ಸೋಮವಾರ ನಸುಕಿಗೆ ಕೆರೆಯ ಏರಿ ಒಡೆಯಿತು. ಮಂಗಳವಾರ ಮಧ್ಯಾಹ್ನ ಮಾಸ್ತರು ಓಡುತ್ತ ಬಂದು ನನ್ನ ಬಾಟಲಿ ತೆಗೆದರು. ಅಳತೆಪಾತ್ರೆ ಹದಿನಾರು ಸಲ ತುಂಬಿತು, ಹತ್ತತ್ತು ಮಿಲಿಮೀಟರ್. ಹದಿನೇಳನೆಯ ಸಲ 8.4.

ಬಂದದ್ದೆಲ್ಲ ಒಂದೇ ರಾತ್ರಿ ಎಂದು ನನಗೆ ಗೊತ್ತಿತ್ತು. ಆದರೆ ನೀರಿನೊಳಗೆ ದಿನಗಳ ಗೆರೆ ಇರುವುದಿಲ್ಲ. ಮೂರು ದಿನ ನೋಡಿಲ್ಲ, ಒಟ್ಟು ಇಷ್ಟು ಎಂದು ಬರೆಯುವುದು ನಿಯಮ. ಮಾಸ್ತರು ಗೋಡೆಯ ಪತ್ರ ನೆನೆಸಿಕೊಂಡರೋ ಏನೋ, ನನ್ನ ಎದುರಿಗೇ ಕೂತು ಆ ನೀರನ್ನು ಮೂರು ದಿನಕ್ಕೆ ಹಂಚಿ ಬರೆದರು: 51.6, 63.2, 53.6. ಕೂಡಿಸಿದರೆ ಮೊತ್ತ ಸರಿಯಾಗಿಯೇ ಇತ್ತು.

ವಿಚಾರಣೆಗೆ ಬಂದ ಅಧಿಕಾರಿ ಅದೇ ಪುಟ ತೆರೆದರು. ಒಂದೇ ದಿನ ನೂರು ಮಿಲಿಮೀಟರ್ ಬಿದ್ದರೂ ತಾಳುವ ಕೆರೆ ಅದು. ಪುಸ್ತಕದಲ್ಲಿ ಯಾವ ದಿನವೂ ಅರವತ್ತನಾಲ್ಕು ಮುಟ್ಟಿರಲಿಲ್ಲ.

"ತೂಬು ಪೂರಾ ಎತ್ತಿದ್ನಿರೀ ಸಾಹೇಬ್ರ. ಒಂದ ರಾತ್ರ್ಯಾಗ ಬಂತ್ರಿ ಎಲ್ಲಾ," ಎಂದ ಸೀಮೋನಪ್ಪ.

"ಪುಸ್ತಕ ಹಂಗ ಹೇಳೂದಿಲ್ಲಲ್ಲಪಾ. ಕುಡದು ಮಲಗಿದ್ದಿ ಅಂತ ಬರೀಲೇನು?"

ಮಾಸ್ತರು ಪಕ್ಕದಲ್ಲೇ ನಿಂತಿದ್ದರು. ಅವರ ಚಪ್ಪಲಿ ಅಲುಗಲಿಲ್ಲ. ನೀರಗಂಟಿಯ ಕೆಲಸ ಹೋಯಿತು.

ಅಲ್ಲಿಂದ ಒಂದು ಸಂಗತಿ ಗಮನಿಸಿದೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಅದಕ್ಕೆ ಮುಂಚೆ ಸಭೆಯೆಲ್ಲ ಒಟ್ಟಾಗಿ ಪಾಪದ ಅರಿಕೆ ಹೇಳುತ್ತದೆ. ಅರಿಕೆ ಮುಗಿದು ಜನ ರೊಟ್ಟಿ, ದ್ರಾಕ್ಷಾರಸಕ್ಕೆ ಏಳುವಾಗ, ಪಾಲಿಶ್ ಮಾಡಿದ ಆ ಚಪ್ಪಲಿ ಮಾತ್ರ ಬಾಗಿಲಿನಿಂದ ಹೊರಗೆ ಬರುತ್ತಿತ್ತು. ಏಳು ವರ್ಷ ಹೀಗೇ ಬಂತು. ಪಿತ್ತ, ತಲೆಸುತ್ತು ಎಂದು ಹೆಂಡತಿಗೆ ಹೇಳುತ್ತಿದ್ದರು.

ಕಡೆಗೊಂದು ಭಾನುವಾರ ಸಭಾಪಾಲಕ ಜಯರತ್ನ ಅಯ್ಯನವರು ಆರಾಧನೆ ಮುಗಿಸಿ ಬಂದು ಅವರನ್ನು ನನ್ನ ಬಳಿ ತಡೆದರು. ಮಾಸ್ತರು ನನ್ನ ಅಂಚನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದರು.

"ದೇವ್ರಿಗೆ ಹೇಳೀರೇನು?"

"ಏಳು ವರ್ಷದಿಂದ ದಿನಾ ಹೇಳಾಕತ್ತೀನ್ರಿ, ಅಯ್ಯಾ."

"ದೇವ್ರು ಕೇಳ್ಯಾನ. ಸೀಮೋನಪ್ಪ ಕೇಳಿಲ್ಲ."

ಮರುದಿನ ಮಾಸ್ತರು ಸೀಮೋನಪ್ಪನನ್ನು ಇಲ್ಲಿಗೇ ಕರೆತಂದು ಆ ಮೂರು ಸಂಖ್ಯೆಗಳ ವಿಷಯ ಹೇಳಿದರು. ಸೀಮೋನಪ್ಪ ಕಾಲ್ಬೆರಳಿಂದ ನೆಲ ಕೆರೆಯುತ್ತಿದ್ದ.

"ನನಗೊಬ್ಬಗ ಹೇಳಿದ್ರ ಏನ್ ಬಂತ್ರೀ? ನಾ ಮಲಗಿರಲಿಲ್ಲ ಅನ್ನೂದು ನನಗ ಗೊತ್ತೇ ಐತಿ. ಗೊತ್ತಿಲ್ಲದಾಕಿ ನನ್ನ ಹೇಣ್ತಿ ಎಸ್ತೇರಿ. ಸಭಾದಾಗ ಹೇಳ್ರಿ, ಆಕಿ ಕೇಳಲಿ."

ಮುಂದಿನ ತಿಂಗಳ ಮೊದಲ ಭಾನುವಾರ, ಅರಿಕೆಯ ಹೊತ್ತಿನಲ್ಲಿ ಮಾಸ್ತರು ಎದ್ದು ನಿಂತರು. ತೆರೆದ ಬಾಗಿಲಿನಿಂದ ಅವರ ದನಿ ನನಗೆ ಕೇಳಿಸಿತು. ಪಾಠ ಹೇಳುವ ದನಿಯಲ್ಲ ಅದು. ತಾರೀಕು, ಮೂರು ಸುಳ್ಳು ಸಂಖ್ಯೆಗಳು, ಸೀಮೋನಪ್ಪನ ಹೆಸರು. ಯಾವುದನ್ನೂ ಬಿಡಲಿಲ್ಲ. ಆಮೇಲೆ ಹೆಂಗಸರ ಕಡೆಯಿಂದ ಎಸ್ತೇರಮ್ಮನ ದನಿ ಬಂತು:

"ಅಯ್ಯಾರ, ಏಳು ವರ್ಷ ನಾನೂ ಈ ಮನಶ್ಯಾನ್ನ ಕುಡುಕ ಅಂದೀನ್ರಿ. ನಂದೂ ಒಂದು ಅರಿಕಿ ಐತಿ."

ಯಾರೋ ನಕ್ಕರು. ಯಾರೋ ಮೂಗು ಒರೆಸಿಕೊಂಡರು. ಆ ದಿನ ಪಾಲಿಶ್ ಚಪ್ಪಲಿ ನಡುವೆ ಹೊರಗೆ ಬರಲಿಲ್ಲ. ಎಲ್ಲ ಮುಗಿದ ಮೇಲೆ ಬರಿಗಾಲುಗಳ ಹಿಂದೆ ಬಂತು.

ಮಾಸ್ತರು ಕಚೇರಿಗೂ ಬರೆದರು. ಅಳತೆಯ ಕೆಲಸ ಅವರಿಂದ ಹೋಯಿತು. ಯಾರಾಗಬೇಕು ಎಂದು ಸಭೆಯನ್ನು ಕೇಳಿದಾಗ ಸೀಮೋನಪ್ಪನ ಹೆಸರು ಬಂತು. ದಶಮಾಂಶ ಓದುವುದನ್ನು ಮಾಸ್ತರೇ ನನ್ನ ಪಕ್ಕ ಮಂಡಿಯೂರಿ ಅವನಿಗೆ ಕಲಿಸಿದರು. "ಕಣ್ಣು ಕೆಳಗ ತರ್ರಿ ಸೀಮೋನಪ್ಪ," ಎನ್ನುತ್ತಿದ್ದರು. "ತಂದೀನ್ರಿ, ಮೊಣಕಾಲು ಬರವೊಲ್ವು," ಎನ್ನುತ್ತಿದ್ದ ಅವನು. ಕೆರೆಯ ಕೆಲಸ ಮಾತ್ರ ಅವನಿಗೆ ಮರಳಿ ಸಿಗಲಿಲ್ಲ. ಅರಿಕೆ ಎಲ್ಲವನ್ನೂ ಹಿಂದಕ್ಕೆ ಕೊಡುವುದಿಲ್ಲ.

ಈಗ ಅಂಗಳದಲ್ಲಿ ತಾನೇ ಅಳೆದು ತಾನೇ ಸುದ್ದಿ ಕಳಿಸುವ ಯಂತ್ರವಿದೆ. ನಾನು ಒಳಕೋಣೆಯ ಕಪಾಟಿನಲ್ಲಿದ್ದೇನೆ. ಬುಡ ತುಕ್ಕು ಹಿಡಿದಿದೆ, ಬಾಯಿ ಮಾತ್ರ ಇನ್ನೂ ದುಂಡಗಿದೆ. ಪಕ್ಕದಲ್ಲೇ ಆ ಹಳೆಯ ಪುಸ್ತಕ. ನನ್ನ ಕೆಲಸ ಬಿದ್ದದ್ದನ್ನು ಹಿಡಿದಿಡುವುದು. ಅದನ್ನು ಎತ್ತಿ ಬೆಳಕಿಗೆ ಹಿಡಿಯಲು ಮನುಷ್ಯನ ಕೈಯೇ ಬೇಕು. ಮಾಸ್ತರು ಆ ಮೊತ್ತವನ್ನು ಏಳು ವರ್ಷ ಎಲ್ಲಿಯೂ ಬರೆದಿರಲಿಲ್ಲ, ಮರೆತೂ ಇರಲಿಲ್ಲ. ಅಕ್ಟೋಬರ್ ಪುಟದಲ್ಲಿ ಮೂರು ಸಂಖ್ಯೆಗಳ ಮೇಲೆ ಒಂದೊಂದು ಗೆರೆ, ಕೆಳಗೆ ಕೆಂಪು ಶಾಯಿಯಲ್ಲಿ ಅವರ ಅಕ್ಷರ: ಮೂರು ದಿನ ನಾನು ನೋಡಿಲ್ಲ. ಒಟ್ಟು 168.4 ಮಿಲಿಮೀಟರ್.