ಸೂಗಮ್ಮನ ತಲೆಯೊಳಗಿನ ಬಿಳಿ ಚುಕ್ಕೆ

ಕಡಕಡ ಕಡಕಡ, ನಿಂತಿತು, ಮತ್ತೆ ಕಡಕಡ — ಕಾಲುವೆ ದಂಡೆಯ ಎಂಜಿನ್ನಿನ ಹಾಗೇ ಬಡಿದುಕೊಳ್ಳುತ್ತಿದೆ ಈ ಕೊಳವೆ, ಅಲುಗಾಡಬ್ಯಾಡ್ರಿ ಅಮ್ಮ ಎಂದಿದ್ದಾರೆ ಯಾದಗಿರಿಯ ಸ್ಕ್ಯಾನಿನವರು, ಅಲುಗಾಡುವ ಮಾತೆಲ್ಲಿ ಬಂತು, ಬಲಗಾಲು ಪಕ್ಕದ ಮನೆಯವರದೇನೋ ಎಂಬಂತೆ ಬಿದ್ದುಕೊಂಡಿದೆ, ಸೂಗಮ್ಮನಿಗೆ ನಗು ಬಂತು, ನಕ್ಕರೆ ತಲೆ ಅಲುಗೀತೆಂದು ತುಟಿ ಕಚ್ಚಿಕೊಂಡಳು. ಕಾಲುವೆ ನೀರು ಬಂದು ಶಹಾಪುರದ ಕಡೆ ಜೋಳದ ಹೊಲವೆಲ್ಲ ಭತ್ತದ ಗದ್ದೆಯಾದವು, ಆ ಗದ್ದೆಗೆ ನಾಟಿಗಿಳಿದಾಗಲೇ ಕೆಸರಿನ ತಂಪು ಕಾಲಿಗೆ ತಿಳಿಯದೆ ಹೋದದ್ದು, ಹೋದ ವರ್ಷ ಒಂದು ಕಣ್ಣು ಮಂಜಾಗಿ, ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತ ಮೇಲೆ ತಾನೇ ತಿಳಿಯಾಗಿತ್ತು, ಬರುತ್ತದೆ, ಹೋಗುತ್ತದೆ, ಯಾರು ನಂಬಿಯಾರು, ನಾಟಿ ಬಂದ್ರ ಸಾಕು ನಮ್ಮ ಸೂಗಿ ಕಾಲಿಗೆ ನಿದ್ದಿ ಬರ್ತದ ನೋಡ್ರಿ, ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ, ಹೀಗೆಂದು ಆಳುಗಳ ಮುಂದೆಲ್ಲ ಆಡಿಕೊಂಡವಳು ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ದೇವಕ್ಕ, ಮಾತು ಎದೆಗೆ ನಾಟಿತು, ಕಡೆಗೆ ತನಗೇ ಅನುಮಾನ, ನಿಜಕ್ಕೂ ನಾಟಕವೇ ಮಾಡುತ್ತಿದ್ದೇನೆಯೇ, ಈ ಯಂತ್ರದಲ್ಲೂ ಏನೂ ಕಾಣದಿದ್ದರೆ ಯಾವ ಮುಖ ಹೊತ್ತು ಊರಿಗೆ ಹೋಗಲಿ. ಈಗ ಅದೇ ದೇವಕ್ಕ ಹೊರಗೆ ನಿಂತಿದ್ದಾಳೆ, ನಿಂತೇ ಇರುತ್ತಾಳೆ, ಕೊರಳಾಗಿನ ಲಿಂಗದ ಬೆಳ್ಳಿ ಕರಡಿಗಿ ತೆಗೀರಿ ಎಂದು ಸ್ಕ್ಯಾನಿನವರು ಅಂದಾಗ ಸೂಗಮ್ಮ ಅತ್ತೇಬಿಟ್ಟಿದ್ದಳು, ದೀಕ್ಷೆಯಾದಂದಿನಿಂದ ಲಿಂಗ ಮೈಬಿಟ್ಟಿಲ್ಲ, ತಾ ಇಲ್ಲಿ, ನನ್ನ ಅಂಗೈನಾಗ ಇರ್ತದ, ನೀ ಹೊರಗ ಬರೂತನಕ ನಾ ಕೂಡಂಗಿಲ್ಲ ಎಂದು ಎಡಗೈ ಚಾಚಿದವಳು ದೇವಕ್ಕನೇ, ಆಡಿಕೊಂಡ ಬಾಯಿಯೂ ಅವಳದೇ, ಚಾಚಿದ ಕೈಯೂ ಅವಳದೇ, ಎಂಥ ಹೆಂಗಸಪ್ಪಾ.

ಸೂಜಿಯಲ್ಲಿ ಔಷಧಿ, ಮತ್ತೆ ಕಡಕಡ, ಆಮೇಲೆ ಬೆಳಕು, ಲಿಂಗ ಕೊರಳಿಗೆ ಮರಳಿತು, ಇಬ್ಬರೂ ಡಾಕ್ಟರ ಕೋಣೆಯಲ್ಲಿದ್ದಾರೆ, ಬೆಳಕಿನ ಹಲಗೆಗೆ ಸಿಕ್ಕಿಸಿದ ಕರಿ ಹಾಳೆ, ಅದರಲ್ಲಿ ಅವಳದೇ ಮಿದುಳು, ಇವು ಹಳೇ ಕಲೆ ನೋಡ್ರಿ, ಇದು ಹೊಸದು, ಸೂಜಿ ಔಷಧಿ ಕುಡಿದು ಹೊಳೀಲಿಕತ್ತದ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರ ಇದಕ್ಕ, ಬಂದು ಹೋಗಿ ಮಾಡೂ ನರದ ಬ್ಯಾನಿ, ಪೂರ್ತಿ ಹೋಗಂಗಿಲ್ಲ, ಆದ್ರ ಲಗೂನ ಸಿಕ್ಕದ, ಔಷಧಿ ತಗೊಂಡ್ರ ಹಿಡಿದು ನಿಲ್ಲಿಸಬಹುದು, ಎಂದರು ಡಾಕ್ಟರು. ಪೂರ್ತಿ ಹೋಗುವುದಿಲ್ಲ ಎಂದದ್ದೂ ಕಿವಿಗೆ ಬಿತ್ತು, ಬೀಳಲಿ, ಅದಕ್ಕೆ ಅಳುವುದು ನಾಳೆಗಿರಲಿ, ಈಗ ಉಕ್ಕಿ ಬರುತ್ತಿರುವುದು ಸಂತೋಷ, ಅದ, ನನ್ನೊಳಗ ಅದ, ನಾ ಸುಳ್ಳ ಹೇಳಿಲ್ಲ, ರೋಗ ಸಿಕ್ಕಿತೆಂದು ಹಿಗ್ಗುವ ಹುಚ್ಚಿ ಈ ಸೀಮೆಗೆಲ್ಲ ತಾನೊಬ್ಬಳೇ ಇರಬೇಕು, ಇರಲಿ, ಹಿಗ್ಗಿದಳು. ನೋಡಕ್ಕ ಎಂದಳು. ದೇವಕ್ಕ ಹತ್ತಿರ ಬಂದಳು, ಹಾಳೆಯ ಕಡೆ ಬೆರಳು ಚಾಚಿದಳು, ಹೊಳೆಯುವ ಬಿಳಿ ಚುಕ್ಕೆಯ ತನಕ ಹೋದ ಬೆರಳು ಅಲ್ಲೇ ತಡೆದು ನಿಂತಿತು, ಮುಟ್ಟಿದ್ರ ನಿನಗ ನೋಯ್ತದೇನ ಸೂಗಿ — ಬಿಳಿ ಚುಕ್ಕೆ, ಮುಟ್ಟದ ಬೆರಳು, ಬಿಳಿ ಚುಕ್ಕೆ, ಮುಟ್ಟದ ಬೆರಳು.