ತಿರುವಿನಲ್ಲಿ ಗೇಟು ಬೇಡ ಎಂದವನು

"ನನ್ನ ಹೊಲ, ನನ್ನ ಮಗಳು. ಮನೆ ಕಟ್ಟಬೇಡ ಅನ್ನೋಕೆ ಇವರು ಯಾರು?"

ಕೋಲ್ಮನ್ ಡೆವೇನಿ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಆ ಬೆಳಿಗ್ಗೆ ಜಿಲ್ಲೆಯ ಕೌಂಟಿ ಕಚೇರಿಯಿಂದ ಉತ್ತರ ಬಂದಿತ್ತು. ಪಶ್ಚಿಮ ಐರ್ಲೆಂಡಿನ ಕಿಲ್ನಮೋರ್ ಊರಾಚೆ, ರಸ್ತೆ ಪಕ್ಕದ ತನ್ನ ಹೊಲದಲ್ಲಿ ಮಗಳು ಗ್ರಾನ್ಯಳಿಗಾಗಿ ಅವನು ಕಟ್ಟಿಸಬೇಕೆಂದಿದ್ದ ಮನೆಗೆ ಅನುಮತಿ ಸಿಕ್ಕಿರಲಿಲ್ಲ. ಗೇಟು ರಸ್ತೆಯ ತಿರುವಿನಲ್ಲೇ ಬರುತ್ತದೆ, ಹೊರಗೆ ಬರುವ ಗಾಡಿಗೆ ರಸ್ತೆ ಕಾಣುವುದಿಲ್ಲ ಎಂದಿದ್ದರು. ಕಾಣುವಂತೆ ಮಾಡಲು ಬೇಲಿಸಾಲಿನಲ್ಲಿದ್ದ, ಬೀಚ್ ಎಂಬ ಜಾತಿಯ ಹಳೆಯ ಮರಗಳನ್ನು ಕಡಿಯಬೇಕಾಗುತ್ತದೆ, ಅದಕ್ಕೂ ಒಪ್ಪಿಗೆಯಿಲ್ಲ ಎಂದಿದ್ದರು.

"ಕಾರಣ ಕೊಟ್ಟಿದ್ದಾರಲ್ಲ," ಎಂದಳು ಹೆಂಡತಿ ಡೆಲಿಯಾ.

"ಅದು ತೋರಿಕೆಗೆ ಕಣೇ. ಯಾರೋ ಕಿವಿ ಊದಿದ್ದಾರೆ. ಯಾರು ಅಂತ್ಲೂ ನಂಗೊತ್ತು."

ಅವನ ಮನಸ್ಸಿನಲ್ಲಿದ್ದವನು ರಸ್ತೆಯಾಚೆಯ ಫಿಂಟನ್ ಟೂಹಿ. ಹೋದ ತಿಂಗಳು ಫಿಂಟನ್ ತನ್ನ ಕಲ್ಲುಗೋಡೆಯ ಬಳಿ ಕಚೇರಿಯ ರಸ್ತೆ ಅಧಿಕಾರಿಯೊಂದಿಗೆ ನಿಂತು ಏನೋ ಹೇಳುತ್ತಿದ್ದ. ಕೋಲ್ಮನ್ ಹತ್ತಿರ ಬಂದದ್ದೇ ತಡ, ಇಬ್ಬರೂ ಮಾತು ನಿಲ್ಲಿಸಿದ್ದರು. ಅದೇ ಫಿಂಟನ್‌ನ ತಮ್ಮನಿಗೆ ಮಾತ್ರ ಹಿಂದಿನ ವರ್ಷ ಸಲೀಸಾಗಿ ಅನುಮತಿ ಸಿಕ್ಕಿತ್ತು. ಇನ್ನೇನು ಬೇಕು?

ಅಲ್ಲಿಂದ ಮುಂದೆ ಕೋಲ್ಮನ್‌ನ ಕಣ್ಣಿಗೆ ಊರೆಲ್ಲ ಒಳಸಂಚಿನಂತೆ ಕಾಣತೊಡಗಿತು. ಅಂಚೆಯವನು ನಕ್ಕರೆ ಅದು ಕುಹಕ. ಭಾನುವಾರ ಪಾದ್ರಿ ದುರಾಸೆಯ ಬಗ್ಗೆ ಪ್ರವಚನ ಮಾಡಿದರೆ ಅದು ತನಗೇ ಹೇಳಿದ್ದು. ಪಬ್ಬಿನಲ್ಲಿ ಫಿಂಟನ್ ಕೈಯೆತ್ತಿ ಕರೆದರೆ ಕೋಲ್ಮನ್ ಗೋಡೆಯ ಕಡೆ ತಿರುಗಿ ಕೂತ. ಇಬ್ಬರೂ ಪ್ರತಿವರ್ಷ ಸೇರಿ ಮಾಡುತ್ತಿದ್ದ ಕುರಿ ಉಣ್ಣೆ ಕತ್ತರಿಸುವ ಕೆಲಸವನ್ನೂ ಈ ಸಲ ಒಬ್ಬನೇ ಮಾಡುತ್ತೇನೆಂದ.

ಗ್ರಾನ್ಯ ಏಳು ತಿಂಗಳ ಬಸುರಿ. ಗಂಡ ಮೀನಿನ ದೋಣಿಯಲ್ಲಿ ವಾರಗಟ್ಟಲೆ ಕಡಲ ಮೇಲಿರುತ್ತಿದ್ದ. ಅವಳು ಅಪ್ಪನ ಅಂಗಳದಲ್ಲಿ ನಿಲ್ಲಿಸಿದ, ಕಾರಿಗೆ ಕಟ್ಟಿ ಎಳೆಯುವಂಥ ಗಾಲಿಮನೆಯಲ್ಲಿ ವಾಸವಾಗಿದ್ದಳು. ಅದರ ಚಾವಣಿ ಮಳೆಗೆ ಸೋರುತ್ತಿತ್ತು. ಅದನ್ನು ನೋಡಿದಾಗೆಲ್ಲ ಕೋಲ್ಮನ್ ಕಚೇರಿಯವರಿಗೆ ಶಾಪ ಹಾಕುತ್ತಿದ್ದ.

ಒಂದು ಶನಿವಾರ ಬೆಳಿಗ್ಗೆ ಅವನು ಮೋಟಾರು ಗರಗಸ ಹೊತ್ತು ತಿರುವಿನ ಕಡೆ ನಡೆದ. "ಮರ ತಾನೆ ಅವರಿಗೆ ಅಡ್ಡಿ? ಮರವೇ ಇಲ್ಲದಿದ್ರೆ ಏನು ಹೇಳ್ತಾರೋ ನೋಡ್ತೀನಿ!"

ಡೆಲಿಯಾ ಗಾಬರಿಯಿಂದ ಅಕ್ಕನ ಮಗಳು ನುವಾಲಾಗೆ ಫೋನು ಮಾಡಿದಳು. ನುವಾಲಾ ಪಟ್ಟಣದಲ್ಲಿ ಮನೆಗಳ ನಕ್ಷೆ ಮಾಡಿಕೊಡುವವಳು. ಮೊದಲೇ ಅವಳನ್ನು ಕೇಳೋಣವೆಂದು ಡೆಲಿಯಾ ಹೇಳಿದ್ದಳು. "ಅವಳಿಗೂ ಕಚೇರಿಯವರಿಗೂ ದಿನಾ ವ್ಯವಹಾರ, ಅವರ ಪರವಾಗೇ ಮಾತಾಡ್ತಾಳೆ," ಎಂದು ಕೋಲ್ಮನ್ ಬೇಡವೆಂದಿದ್ದ.

ನುವಾಲಾ ಬರುವಷ್ಟರಲ್ಲಿ ಒಂದು ಕೊಂಬೆ ನೆಲಕ್ಕೆ ಬಿದ್ದಿತ್ತು.

"ಚಿಕ್ಕಪ್ಪ, ಮೊದಲು ಅದನ್ನ ಆರಿಸಿ!"

"ನಿನ್ನನ್ನ ಯಾರು ಕಳಿಸಿದ್ದು? ಕಚೇರಿಯವರಾ?"

"ಚಿಕ್ಕಮ್ಮ. ಲೈಸೆನ್ಸ್ ಇಲ್ಲದೆ ಈ ಮರ ಕಡಿದ್ರೆ ನಿಮ್ಮನ್ನ ಕೋರ್ಟಿಗೆ ಎಳೀತಾರೆ. ಮೇಲೆ ನೋಡಿ, ಹಕ್ಕಿ ಗೂಡು ಕಟ್ಟಿದೆ. ಇಷ್ಟೆಲ್ಲ ಮಾಡಿದ್ರೂ ನಿಮಗೆ ಮನೆ ಸಿಗಲ್ಲ."

"ಯಾಕೆ ಸಿಗಲ್ಲ?"

"ಬಾಯಲ್ಲಿ ಹೇಳಿದ್ರೆ ನೀವು ನಂಬಲ್ಲ. ಕಾರು ತನ್ನಿ."

ಇದೇನೋ ಹೂಟ ಎಂದುಕೊಂಡೇ ಕೋಲ್ಮನ್ ಕಾರು ತಂದ. ಗ್ರಾನ್ಯಳೂ ಬಂದು ಪಕ್ಕದಲ್ಲಿ ಕೂತಳು. "ನನ್ನ ಮನೆ ಅಲ್ವಾ ಅಪ್ಪ, ನಾನೂ ನೋಡ್ತೀನಿ." ಗೇಟು ಬರಬೇಕಿದ್ದ ಬೇಲಿಯ ತೆರಪಿನಲ್ಲಿ, ರಸ್ತೆಯಂಚಿನಿಂದ ತುಸು ಒಳಗೆ ಕಾರು ನಿಲ್ಲಿಸಿ ಇಂಜಿನ್ ಆರಿಸಲು ನುವಾಲಾ ಹೇಳಿದಳು.

"ಕಾರು ಮುಂದೆ ಬಿಡಬೇಡಿ. ಬಲಗಡೆ ನೋಡ್ತಾ ಇರಿ. ರಸ್ತೆ ಖಾಲಿ, ಈಗ ಹೊರಗೆ ಹೋಗಬಹುದು ಅನ್ನಿಸಿದಾಗ ‘ಈಗ’ ಅನ್ನಿ, ಸಾಕು."

ಕೋಲ್ಮನ್ ಬಲಗಡೆ ಕತ್ತು ಚಾಚಿದ. ದಿಬ್ಬ, ಮರದ ಬುಡಗಳು, ಆಮೇಲೆ ತುಂಡು ರಸ್ತೆ. ಖಾಲಿ. "ಈಗ!" ಎಂದ ಗತ್ತಿನಿಂದ.

ಆ ಮಾತು ಬಾಯಿಂದ ಬೀಳುತ್ತಿದ್ದಂತೆಯೇ ಹಾಲಿನ ಲಾರಿ ತಿರುವು ದಾಟಿ ಅವರ ಮೂಗಿನ ಮುಂದೆಯೇ ಗಾಳಿ ಸೀಳಿಕೊಂಡು ಹೋಯಿತು. ಕಾರು ನಡುಗಿತು. ಗ್ರಾನ್ಯ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

"ಅಪ್ಪ," ಎಂದಳು ಗ್ರಾನ್ಯ ಮೆಲ್ಲಗೆ, "ದಿನಾ ಬೆಳಿಗ್ಗೆ ಮಗೂನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ನಾನು ಇಲ್ಲಿಂದಾನೇ ಹೊರಡ್ಬೇಕಿತ್ತು."

ಕೋಲ್ಮನ್ ಮರಗಳ ಕಡೆ ಕೈ ತೋರಿಸಿದ. "ಮರ ತೆಗೆದ್ರೆ ಕಾಣುತ್ತಲ್ಲ?"

"ಮರ ತೆಗೆದ್ರೆ ದಿಬ್ಬ ಇದೆ," ಎಂದಳು ನುವಾಲಾ. "ದಿಬ್ಬ ಅಗೆದ್ರೆ ಅದರಾಚೆ ರಸ್ತೆಯ ಈ ಬದೀಲೂ ಇರೋ ಫಿಂಟನ್ ಅವರ ಜಮೀನಿನ ಕಲ್ಲುಗೋಡೆ ಇದೆ. ತಿರುವು ತಿರುವೇ, ಚಿಕ್ಕಪ್ಪ. ಅದನ್ನ ಗರಗಸದಿಂದ ನೆಟ್ಟಗೆ ಮಾಡೋಕಾಗಲ್ಲ."

ಫಿಂಟನ್ ಹೆಸರು ಕೇಳಿ ಕೋಲ್ಮನ್‌ಗೆ ಮತ್ತೆ ಸಿಟ್ಟು ಉಕ್ಕಿತು. ಅಷ್ಟರಲ್ಲಿ ಗರಗಸದ ಸದ್ದು ಕೇಳಿದ್ದ ಫಿಂಟನ್ ತಾನೇ ರಸ್ತೆ ದಾಟಿ ಬಂದ. ಕೋಲ್ಮನ್ ಕಾರಿನಿಂದಿಳಿದು ಎದುರು ನಿಂತ.

"ಬಾರಯ್ಯಾ, ಬಾ. ಮುಖಕ್ಕೆ ಮುಖ ಕೊಟ್ಟು ಹೇಳು. ಕಚೇರಿಗೆ ನನ್ನ ಮೇಲೆ ಬರೆದವನು ನೀನೇ ತಾನೆ?"

ಇಲ್ಲ ಎನ್ನುತ್ತಾನೆ ಎಂದು ಎಲ್ಲರೂ ಕಾದರು.

"ಹೌದು, ನಾನೇ ಬರೆದೆ," ಎಂದ ಫಿಂಟನ್.

"ನೋಡಿದ್ಯಾ ನುವಾಲಾ? ನಾನು ಹೇಳಿರಲಿಲ್ವಾ?"

"ನಿನ್ನ ಮೇಲೆ ಬರೀಲಿಲ್ಲ ಮಾರಾಯ, ಈ ತಿರುವಿನ ಮೇಲೆ ಬರೆದೆ. ಹೋದ ಚಳಿಗಾಲದಲ್ಲಿ ಲಾರಿ ನನ್ನ ಟ್ರ್ಯಾಕ್ಟರ್ ಹಿಂದಿನ ಟ್ರೇಲರನ್ನ ಕಿತ್ಕೊಂಡು ಹೋಯ್ತಲ್ಲ, ಎಲ್ಲಿ? ಇಲ್ಲೇ. ಫಿಂಟನ್ ಕುಡಿದಿದ್ದ ಅಂತ ಪಬ್ಬಲ್ಲಿ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಕುಡಿದಿರಲಿಲ್ಲ ಕಣೋ. ಕಾಣಲಿಲ್ಲ."

ಆ ದಿನ ಎಲ್ಲರಿಗಿಂತ ಜೋರಾಗಿ ನಕ್ಕವನು ತಾನೇ ಎಂಬುದು ಕೋಲ್ಮನ್‌ಗೆ ನೆನಪಿತ್ತು. ಆದರೂ ಬಿಡಲಿಲ್ಲ. "ನನಗೇ ಬಂದು ಹೇಳ್ಬೋದಿತ್ತಲ್ಲ?"

"ಹೇಳಿದ್ರೆ ಏನಂತಿದ್ದೆ? ಫಿಂಟನ್‌ಗೆ ಹೊಟ್ಟೆಕಿಚ್ಚು ಅಂತಿದ್ದೆ. ಪಬ್ಬಲ್ಲಿ ಮಾತಾಡ್ಸೋಕೆ ಬಂದ್ರೆ ಗೋಡೆ ನೋಡ್ಕೊಂಡು ಕೂತೆ." ಫಿಂಟನ್ ಹೊಲದ ಆಚೆ ತುದಿಯತ್ತ ಕೈ ತೋರಿಸಿದ. "ಅಲ್ಲಿ ನಿನ್ನ ಹೊಲಕ್ಕೆ ಅಂಟಿಕೊಂಡೇ ನನ್ನ ಹಳೇ ಗಾಡಿದಾರಿ ಇದೆ. ರಸ್ತೆ ನೆಟ್ಟಗಿದೆ, ಎರಡೂ ಕಡೆ ಚೆನ್ನಾಗಿ ಕಾಣುತ್ತೆ. ನನ್ನ ತಮ್ಮನ ಗೇಟೂ ನೆಟ್ಟ ರಸ್ತೆಗೇ, ಅದಕ್ಕೇ ಅವನಿಗೆ ಅನುಮತಿ ಸಿಕ್ಕಿದ್ದು. ಮನೆ ಆ ಕಡೆ ಕಟ್ಟು. ನಿನ್ನ ಮಗಳು ಆ ದಾರೀಲಿ ಓಡಾಡ್ಲಿ. ಇದನ್ನೂ ನನ್ನ ಗೋಡೆ ಹತ್ರ ಬಂದಿದ್ದ ಅಧಿಕಾರಿಗೆ ಅವತ್ತೇ ಹೇಳಿದ್ದೆ."

ಕೋಲ್ಮನ್ ಕಣ್ಣು ಕಿರಿದು ಮಾಡಿದ. "ಇದರಲ್ಲಿ ನಿನಗೇನು ಲಾಭ?"

"ದಾರಿಯ ಹೊಂಡ ಮುಚ್ಚೋಕೆ ಇನ್ನೊಬ್ಬ ಸಿಗ್ತಾನೆ. ನಿನ್ನ ನಾಯಿ ನನ್ನ ಕೋಳಿ ಹಿಡೀದಿದ್ರೆ ಇನ್ನೂ ಒಳ್ಳೇದು."

ಗ್ರಾನ್ಯ ನಕ್ಕುಬಿಟ್ಟಳು. ಕೋಲ್ಮನ್ ನಗಲಿಲ್ಲ. ಆದರೆ ಗರಗಸವನ್ನು ಎತ್ತಿ ಕಾರಿನ ಡಿಕ್ಕಿಯೊಳಗೆ ಹಾಕಿದ.

"ಬರೀ ಬಾಯಿಮಾತು ಸಾಲದು," ಎಂದಳು ನುವಾಲಾ. "ದಾರಿಯ ಹಕ್ಕನ್ನ ವಕೀಲರ ಹತ್ರ ಬರೆಸಿ. ಈ ಸಲ ಅರ್ಜಿ ಹಾಕೋ ಮುಂಚೆ ಕಚೇರಿಗೆ ಹೋಗಿ ಕೇಳೋಣ."

ಕಚೇರಿಗೆ ಹೋದ ದಿನವೂ ಕೋಲ್ಮನ್ ತೋಳು ಕಟ್ಟಿಕೊಂಡೇ ಕೂತಿದ್ದ. ಅಧಿಕಾರಿ ನಕ್ಷೆ ಹರಡಿ, ಮನೆ ಎಲ್ಲಿ ನಿಂತರೆ ಮರದ ಬೇರಿಗೆ ಪೆಟ್ಟಾಗುವುದಿಲ್ಲ, ಗಾಡಿದಾರಿಯ ಬಾಯಿ ಎಷ್ಟು ಅಗಲವಿರಬೇಕು ಎಂದು ತೋರಿಸಿದಳು. ಕೋಲ್ಮನ್ ಒಂದೊಂದನ್ನೂ ಕೆದಕಿ ಕೆದಕಿ ಕೇಳಿದ. ಅವಳು ಬೇಸರಿಸದೆ ಉತ್ತರಿಸಿದಳು. ಹೊರಗೆ ಬಂದ ಮೇಲೆ ಅವನು ನುವಾಲಾಗೆ, "ಇಷ್ಟು ಮೊದಲೇ ಕೇಳಿದ್ರೂ ಹೇಳ್ತಿದ್ರಾ?" ಎಂದ.

"ಹೇಳ್ತಿದ್ರು ಚಿಕ್ಕಪ್ಪ. ನೀವು ಕೇಳಲಿಲ್ಲ."

ಹೊಸ ಅರ್ಜಿಗೆ ಅನುಮತಿ ಬರುವ ಮೊದಲೇ ಮಗು ಹುಟ್ಟಿತು. ಮಳೆ ಸುರಿಯುವ ಇನ್ನೊಂದು ಚಳಿಗಾಲವನ್ನು ತಾಯಿ ಮಗು ಆ ಸೋರುವ ಗಾಲಿಮನೆಯಲ್ಲೇ ಕಳೆಯಬೇಕಾಯಿತು. ಮೊದಲೇ ವಿಚಾರಿಸಿದ್ದರೆ ಅಷ್ಟೂ ತಪ್ಪುತ್ತಿತ್ತು ಎಂದು ಕೋಲ್ಮನ್ ಈಗಲೂ ಕೊರಗುತ್ತಾನೆ. ಕೊನೆಗೆ ಮನೆ ಎದ್ದಿತು. ಮೊದಲ ದಿನ ಗ್ರಾನ್ಯ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗಾಡಿದಾರಿಯ ಬಾಯಿಗೆ ಬಂದಳು, ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ನಿರಾಳವಾಗಿ ರಸ್ತೆಗಿಳಿದಳು. ಕಾರು ಕಣ್ಮರೆಯಾಗುವವರೆಗೂ ಅಪ್ಪ ನೋಡುತ್ತ ನಿಂತಿದ್ದ.

ಮನೆ ಕಟ್ಟಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಅನುಮತಿ ಸಿಗದಿದ್ದರೆ ಕೊಡಲಿ ಎತ್ತಬೇಡಿ, ನೆರೆಯವರ ಮೇಲೆ ಹಲ್ಲು ಮಸೆಯಬೇಡಿ. ಯಾಕೆ ಬೇಡವೆಂದರು ಎಂಬುದನ್ನು ಪೂರ್ತಿ ಓದಿ, ತಿಳಿದವರನ್ನು ಕೇಳಿ. ಅನುಮಾನವಿದ್ದರೆ ಅದನ್ನೂ ನೇರವಾಗಿ ಕೇಳಿಬಿಡಿ. ಇನ್ನೂ ಅರ್ಜಿ ಹಾಕಿಲ್ಲವೇ? ಹಾಗಾದರೆ ನಿಮ್ಮ ಗೇಟು ಬರುವ ಜಾಗಕ್ಕೆ ಇವತ್ತೇ ಹೋಗಿ, ರಸ್ತೆಗಿಳಿಯದೆ ಒಳಗೇ ನಿಂತು ಎರಡೂ ಕಡೆ ನೋಡಿ. ಅಲ್ಲಿಂದ ದಿನವೂ ಹೊರಡುವುದು ನಿಮ್ಮ ಮಕ್ಕಳು.